ಜಾಲಕ್ಕೆ ಎಷ್ಟು ತಲೆಗಳಿರಬೇಕು?

ಒಂದು ದೊಡ್ಡ ಗಣಕ ಜಾಲದಲ್ಲಿ ಸಾವಿರಾರು ಸ್ವಿಚ್ಚುಗಳೂ ರೂಟರುಗಳೂ ಇರುತ್ತವೆ. ಒಂದು ಗಣಕದಿಂದ ಹೊರಟ ಮಾಹಿತಿಯ ಪ್ಯಾಕೆಟ್ಟು ಇವುಗಳಲ್ಲಿ ಹಲವನ್ನು ಹಾದು ಇನ್ನೊಂದು ಗಣಕವನ್ನು ತಲಪುತ್ತದೆ. ಪ್ರತಿಯೊಂದು ಕವಲಿನಲ್ಲೂ 'ಮುಂದೆ ಯಾವ ದಾರಿ?' ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಕೊಡಬೇಕಾದವರು ಯಾರು? ಕವಲಿನಲ್ಲಿರುವ ಸ್ವಿಚ್ಚೇ? ಅಥವಾ ಇಡೀ ಜಾಲದ ನಕ್ಷೆಯನ್ನು ಮುಂದಿಟ್ಟುಕೊಂಡು ಬೇರೊಂದು ಕಡೆ ಕುಳಿತಿರುವ ಮೇಲ್ವಿಚಾರಕನೇ? ಮೇಲ್ವಿಚಾರಕನಾದರೆ ಒಬ್ಬನೇ ಸಾಕೇ, ಹಲವರು ಬೇಕೇ?

ಗಣಕ ಜಾಲಗಳ ಅರ್ಧ ಶತಮಾನದ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಇತ್ತೀಚಿನ 'ತಂತ್ರಾಂಶ ನಿರೂಪಿತ ಜಾಲ'ಗಳಲ್ಲಿ ಒಂದಕ್ಕಿಂತ ಹೆಚ್ಚು ನಿಯಂತ್ರಕಗಳನ್ನು ಬಳಸುವುದು ರೂಢಿಗೆ ಬಂದಿದೆ. ಆದರೆ ನಿಯಂತ್ರಕಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಜಾಲ ಸುಭದ್ರವಾಗುತ್ತದೆಯೇ? ಈ ಮಾತನ್ನು ಚರಿತ್ರೆಯ ಕೆಲವು ಘಟನೆಗಳ ಮೂಲಕವೇ ಪರಿಶೀಲಿಸೋಣ.

ನಿದ್ರೆಗುಳಿಗೆ ಹಂಚುವ ಮೇಲ್ವಿಚಾರಕ

1970ರ ದಶಕದ ಆರಂಭದಲ್ಲಿ ಅಮೆರಿಕದ ಟೈಮ್‌ಶೇರ್ ಎಂಬ ಕಂಪನಿ 'ಟೈಮ್‌ನೆಟ್' ಎಂಬ ಜಾಲವನ್ನು ಕಟ್ಟಿತು. ಆಗ ಗಣಕಗಳು ದುಬಾರಿ. ದೂರದ ಊರುಗಳಲ್ಲಿರುವ ಬಳಕೆದಾರರು ಟರ್ಮಿನಲ್ಲುಗಳ ಮುಂದೆ ಕುಳಿತು ಕಂಪನಿಯ ದೊಡ್ಡ ಗಣಕವನ್ನು ಬಾಡಿಗೆಗೆ ಬಳಸುತ್ತಿದ್ದರು. ಈ ಜಾಲದ ವಿನ್ಯಾಸದಲ್ಲಿ ಲರಾಯ್ ಟೈಮ್ಸ್ ಎಂಬ ತಂತ್ರಜ್ಞರು ಪ್ರಮುಖರು.

ಟೈಮ್‌ನೆಟ್‌ನಲ್ಲಿ ದಾರಿಯನ್ನು ನಿರ್ಧರಿಸುತ್ತಿದ್ದುದು ಕೇಂದ್ರದ ಒಂದು ಗಣಕ. ಅದರ ಹೆಸರೇ 'ಸೂಪರ್‌ವೈಸರ್', ಅಂದರೆ ಮೇಲ್ವಿಚಾರಕ. ಬಳಕೆದಾರ ಸಂಪರ್ಕ ಕೇಳಿದ ಕೂಡಲೇ ಮೇಲ್ವಿಚಾರಕ ಇಡೀ ಜಾಲದ ಸ್ಥಿತಿಯನ್ನು ನೋಡಿ ತಕ್ಕ ದಾರಿಯನ್ನು ಆರಿಸುತ್ತಿತ್ತು. ಆ ದಾರಿಯಲ್ಲಿರುವ ನೋಡುಗಳಿಗೆ ಆಜ್ಞೆ ಕಳಿಸುತ್ತಿತ್ತು. ನೋಡುಗಳು ಹೇಳಿದಷ್ಟು ಮಾಡಿದರೆ ಸಾಕಾಗಿತ್ತು.

ಆದರೆ ಆ ಒಂದು ಗಣಕ ಕೆಟ್ಟು ನಿಂತರೆ? ಇದಕ್ಕೆ ಟೈಮ್‌ನೆಟ್‌ನ ವಿನ್ಯಾಸಕಾರರು ಕಂಡುಕೊಂಡ ಉಪಾಯ ಸ್ವಾರಸ್ಯಕರವಾಗಿದೆ. ಬೇರೆ ಬೇರೆ ಸ್ಥಳಗಳಲ್ಲಿ ಹಲವು ಮೇಲ್ವಿಚಾರಕ ಗಣಕಗಳನ್ನು ಇಡಲಾಗಿತ್ತು. ಅವುಗಳಲ್ಲಿ ಒಂದು ಮಾತ್ರ ಎಚ್ಚರವಾಗಿದ್ದು, ಉಳಿದವುಗಳಿಗೆ ಆಗಾಗ 'ನಿದ್ರೆಗುಳಿಗೆ' ಎಂಬ ಸಂದೇಶವನ್ನು ಕಳಿಸುತ್ತಿತ್ತು. ಗುಳಿಗೆ ಬರುತ್ತಿರುವವರೆಗೆ ಉಳಿದವು ಮಲಗಿರುತ್ತಿದ್ದವು. ಗುಳಿಗೆ ನಿಂತುಹೋದರೆ ನಾಯಕನಿಗೆ ಏನೋ ಆಗಿದೆಯೆಂದು ತಿಳಿದು, ಸರದಿಯಲ್ಲಿ ಮುಂದಿನದು ಎಚ್ಚರಗೊಳ್ಳುತ್ತಿತ್ತು. ಅದು ನೋಡುಗಳನ್ನು ಒಂದೊಂದಾಗಿ ವಿಚಾರಿಸಿ ಜಾಲದ ನಕ್ಷೆಯನ್ನು ಮತ್ತೆ ಬರೆದುಕೊಂಡು ಆಡಳಿತವನ್ನು ವಹಿಸಿಕೊಳ್ಳುತ್ತಿತ್ತು. ಈ ನಡುವೆ ಆಗಲೇ ಏರ್ಪಟ್ಟಿದ್ದ ಸಂಪರ್ಕಗಳು ಕಡಿಯುತ್ತಿರಲಿಲ್ಲ. ಹೊಸ ಸಂಪರ್ಕಗಳು ಮಾತ್ರ ಕಾಯಬೇಕಾಗುತ್ತಿತ್ತು.

ಇಂದಿನ ಪಠ್ಯಪುಸ್ತಕಗಳಲ್ಲಿ ಬರುವ 'ಒಂದು ಪ್ರಧಾನ, ಹಲವು ಮೀಸಲು' ಎಂಬ ವ್ಯವಸ್ಥೆಯ ಬೀಜ ಇಲ್ಲಿಯೇ ಇದೆ.

ಪ್ರತಿಯೊಬ್ಬರೂ ನಿರ್ಧರಿಸುವ ಜಾಲ

1969ರಲ್ಲಿ ಕೆಲಸ ಆರಂಭಿಸಿದ ಅರ್ಪಾನೆಟ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಅದರಲ್ಲಿ ಕೇಂದ್ರದ ಅಪ್ಪಣೆಗೆ ಕಾಯುವ ಪ್ರಸಂಗವೇ ಇಲ್ಲ. ಪ್ರತಿಯೊಂದು ನೋಡೂ ತನ್ನ ದಾರಿಯನ್ನು ತಾನೇ ನಿರ್ಧರಿಸುತ್ತಿತ್ತು. 1979ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಪ್ರತಿಯೊಂದು ನೋಡು ತನ್ನ ಕೊಂಡಿಗಳಲ್ಲಿ ಆಗುವ ವಿಳಂಬವನ್ನು ಅಳೆದು, ಆ ವರದಿಯನ್ನು ಇಡೀ ಜಾಲಕ್ಕೆ ಸಾರುತ್ತಿತ್ತು. ಎಲ್ಲರ ವರದಿಗಳನ್ನು ಸೇರಿಸಿ ಪ್ರತಿಯೊಂದು ನೋಡೂ ಪೂರ್ಣ ನಕ್ಷೆಯನ್ನು ರಚಿಸಿಕೊಳ್ಳುತ್ತಿತ್ತು. ಅಂದರೆ ಎಷ್ಟು ನೋಡುಗಳೋ ಅಷ್ಟು ತಲೆಗಳು.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ನೋಡಿನ ಎರಡು ವರದಿಗಳು ಬಂದರೆ ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯಬೇಕಲ್ಲವೇ? ಅದಕ್ಕಾಗಿ ವರದಿಗಳಿಗೆ 0ಯಿಂದ 63ರವರೆಗೆ ಕ್ರಮಸಂಖ್ಯೆ ಕೊಡಲಾಗುತ್ತಿತ್ತು. ದ್ವಿಮಾನ ಪದ್ಧತಿಯಲ್ಲಿ ಇದಕ್ಕೆ 6 ಬಿಟ್‌ಗಳು ಸಾಕು. 63ರ ನಂತರ ಗಡಿಯಾರದ ಮುಳ್ಳಿನಂತೆ ಮತ್ತೆ 0. ಒಂದು ಸಂಖ್ಯೆಯಿಂದ ಮುಂದಕ್ಕೆ ಅರ್ಧ ಸುತ್ತಿನೊಳಗೆ, ಅಂದರೆ 32 ಹೆಜ್ಜೆಗಳೊಳಗೆ ಸಿಗುವ ಸಂಖ್ಯೆ 'ಹೊಸದು' ಎಂಬುದು ನಿಯಮ.

1980ರ ಅಕ್ಟೋಬರ್ 27ರಂದು ಒಂದು ನೋಡಿನ ಯಂತ್ರಾಂಶ ಕೆಟ್ಟು, ಕೆಲವು ಬಿಟ್‌ಗಳು 1 ಇದ್ದಲ್ಲಿ 0 ಆದವು. 44 ಎಂಬ ಕ್ರಮಸಂಖ್ಯೆ ದ್ವಿಮಾನದಲ್ಲಿ 101100. ಒಂದು ಬಿಟ್ ಬಿದ್ದುಹೋದರೆ 101000, ಅಂದರೆ 40. ಇನ್ನೊಂದು ಬಿಟ್ ಬಿದ್ದರೆ 001000, ಅಂದರೆ 8. ಹೀಗೆ 44, 40, 8 ಎಂಬ ಸಂಖ್ಯೆಗಳುಳ್ಳ ಮೂರು ವರದಿಗಳು ಒಟ್ಟಿಗೆ ಜಾಲದಲ್ಲಿ ಹರಡಿದವು. ನಿಯಮವನ್ನು ಅನ್ವಯಿಸಿ ನೋಡಿ. 40ರಿಂದ 44ಕ್ಕೆ 4 ಹೆಜ್ಜೆ. ಆದ್ದರಿಂದ 44 ಹೊಸದು. 44ರಿಂದ ಸುತ್ತುಹಾಕಿ 8ಕ್ಕೆ 28 ಹೆಜ್ಜೆ. ಆದ್ದರಿಂದ 8 ಹೊಸದು. 8ರಿಂದ 40ಕ್ಕೆ ಸರಿಯಾಗಿ 32 ಹೆಜ್ಜೆ. ಆದ್ದರಿಂದ 40 ಹೊಸದು! ಮೂರರಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದು. ನೋಡುಗಳು ಒಂದನ್ನು ಸ್ವೀಕರಿಸಿ ಸಾರಿದ ಕೂಡಲೇ ಮತ್ತೊಂದು ಬಂದು ಅದನ್ನು ತಳ್ಳುತ್ತಿತ್ತು. ಈ ಸುತ್ತಾಟಕ್ಕೆ ಕೊನೆಯೇ ಇಲ್ಲದೆ ಜಾಲ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಆ ವರದಿಗಳನ್ನು ಕಡೆಗಣಿಸುವ ತಿದ್ದುಪಡಿಯನ್ನು ನೋಡುಗಳಿಗೆ ತುಂಬಿದ ಮೇಲಷ್ಟೇ ಅದು ಚೇತರಿಸಿಕೊಂಡಿತು. ಮರುವರ್ಷ ಎರಿಕ್ ರೋಸೆನ್ ಎಂಬ ತಂತ್ರಜ್ಞರು ಈ ಘಟನೆಯ ವಿವರವಾದ ವಿಶ್ಲೇಷಣೆಯನ್ನು ಪ್ರಕಟಿಸಿದರು.

ಅಧಿಕಾರವನ್ನು ಎಲ್ಲರಿಗೂ ಹಂಚಿದ್ದು ನಿಜ. ಆದರೆ 'ಯಾವ ಮಾತು ಇತ್ತೀಚಿನದು' ಎಂಬುದರಲ್ಲಿ ಒಮ್ಮತ ತಪ್ಪಿದಾಗ ಆ ಹಂಚಿಕೆ ಜಾಲವನ್ನು ಕಾಪಾಡಲಿಲ್ಲ.

ಒಂದೇ ಅಚ್ಚಿನ 114 ಸ್ವಿಚ್ಚುಗಳು

ಮುಂದಿನ ಪಾಠ ದೂರವಾಣಿ ಜಾಲದಿಂದ ಬಂತು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1976ರಿಂದ ಮಾತು ಹರಿಯುವ ತಂತಿಯನ್ನೂ ಕರೆಯ ದಾರಿಯನ್ನು ಗೊತ್ತುಮಾಡುವ ಸಂಕೇತಗಳ ತಂತಿಯನ್ನೂ ಬೇರ್ಪಡಿಸತೊಡಗಿತು. ಸಂಕೇತಗಳಿಗಾಗಿಯೇ ಪ್ರತ್ಯೇಕ ಜಾಲ ಬೆಳೆಯಿತು. ನಿಯಂತ್ರಣವನ್ನೂ ಸಾಗಣೆಯನ್ನೂ ಬೇರೆ ಮಾಡುವ ಈ ಚಿಂತನೆ ಮುಂದೆ ಗಣಕ ಜಾಲಗಳಿಗೂ ಮಾದರಿಯಾಯಿತು.

1990ರ ಜನವರಿ 15ರಂದು ಆ ಕಂಪನಿಯ ದೂರದ ಕರೆಗಳ ಜಾಲದಲ್ಲಿ 114 ದೊಡ್ಡ ಸ್ವಿಚ್ಚುಗಳಿದ್ದವು. ಒಂದು ಕೆಟ್ಟರೆ ಉಳಿದವು ಅದರ ಹೊರೆಯನ್ನು ಹೊರುವಂತೆ ವ್ಯವಸ್ಥೆಯಿತ್ತು. ಅಂದು ಮಧ್ಯಾಹ್ನ ನ್ಯೂಯಾರ್ಕಿನ ಒಂದು ಸ್ವಿಚ್ಚು ಸಣ್ಣ ತೊಂದರೆಯನ್ನು ಕಂಡು, ಕೆಲವೇ ಸೆಕೆಂಡುಗಳಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡು, 'ನಾನು ಮತ್ತೆ ಕೆಲಸಕ್ಕೆ ಸಿದ್ಧ' ಎಂದು ನೆರೆಯವುಗಳಿಗೆ ತಿಳಿಯುವಂತೆ ಸಂಕೇತಗಳನ್ನು ಕಳಿಸಿತು. ನೆರೆಯ ಸ್ವಿಚ್ಚುಗಳು ಆ ಸುದ್ದಿಯನ್ನು ಬರೆದುಕೊಳ್ಳುತ್ತಿರುವಾಗಲೇ ಇನ್ನೊಂದು ಸಂಕೇತ ಬಂದರೆ ಎಡವುವಂತಹ ದೋಷ ಅವುಗಳ ತಂತ್ರಾಂಶದಲ್ಲಿತ್ತು. ಅವು ಎಡವಿದವು, ತಮ್ಮನ್ನು ಸರಿಪಡಿಸಿಕೊಂಡವು, 'ನಾವೂ ಸಿದ್ಧ' ಎಂದು ಸಾರಿದವು. ಅದರಿಂದ ಅವುಗಳ ನೆರೆಯವು ಎಡವಿದವು. ಹೀಗೆ ದೋಷ ಅಲೆಯಂತೆ ದೇಶದುದ್ದಕ್ಕೂ ಹಬ್ಬಿತು. ಸುಮಾರು ಒಂಬತ್ತು ಗಂಟೆಗಳ ಕಾಲ ದೂರದ ಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೈಗೂಡಲಿಲ್ಲ.

114 ಸ್ವಿಚ್ಚುಗಳಿಗೂ ಹಿಂದಿನ ಡಿಸೆಂಬರಿನಲ್ಲಿ ಒಂದೇ ಹೊಸ ತಂತ್ರಾಂಶವನ್ನು ತುಂಬಲಾಗಿತ್ತು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುವಂತೆ ಅವು ಒಂದೇ ಅಚ್ಚಿನಲ್ಲಿ ಎರಕಗೊಂಡಿದ್ದವು. ಎಣಿಕೆಗೆ 114, ದೋಷದ ದೃಷ್ಟಿಯಿಂದ ಒಂದೇ.

ಮರಳಿ ಬಂದ ಕೇಂದ್ರ ನಿಯಂತ್ರಕ

1980 ಮತ್ತು 90ರ ದಶಕಗಳಲ್ಲಿ ಬೆಳೆದ ಅಂತರ್ಜಾಲ ಅರ್ಪಾನೆಟ್‌ನ ದಾರಿಯನ್ನೇ ಮುಂದುವರಿಸಿತು. ಪ್ರತಿಯೊಂದು ರೂಟರಿನಲ್ಲೂ ಅದರದೇ ಬುದ್ಧಿ. ಆದರೆ ಒಂದೇ ಸಂಸ್ಥೆಯ ಒಡೆತನದಲ್ಲಿರುವ ಜಾಲಗಳಲ್ಲಿ ಇದರಿಂದ ಬೇರೊಂದು ಕಷ್ಟ ತಲೆದೋರಿತು. 'ಈ ವಿಭಾಗದ ಗಣಕಗಳು ಆ ಸರ್ವರನ್ನು ಮುಟ್ಟಬಾರದು' ಎಂಬಂತಹ ಒಂದು ಸರಳ ನಿಯಮವನ್ನು ಜಾರಿಗೆ ತರಲು ನೂರಾರು ರೂಟರುಗಳನ್ನು ಒಂದೊಂದಾಗಿ ಹೊಂದಿಸಬೇಕಾಗುತ್ತಿತ್ತು. ಒಂದು ಕಡೆ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದೇ ಸಾಹಸ.

2005ರಲ್ಲಿ ಅಮೆರಿಕದ ಕೆಲವು ಸಂಶೋಧಕರು '4ಡಿ' ಎಂಬ ಹೊಸ ರಚನೆಯನ್ನು ಸೂಚಿಸಿದರು. ನಿರ್ಧಾರದ ಕೆಲಸವನ್ನು ರೂಟರುಗಳಿಂದ ಹೊರತೆಗೆದು ಪ್ರತ್ಯೇಕ ಸ್ತರದಲ್ಲಿಡಬೇಕು ಎಂಬುದು ಅದರ ತಿರುಳು. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಟಿನ್ ಕಸಾಡೊ ಮತ್ತು ಅವರ ಸಂಗಡಿಗರು 'ಈಥೇನ್' ಎಂಬ ಜಾಲವನ್ನು ಕಟ್ಟಿ ತೋರಿಸಿದರು. ಸುಮಾರು 300 ಗಣಕಗಳಿದ್ದ ಆ ಜಾಲದಲ್ಲಿ ಸ್ವಿಚ್ಚುಗಳು ಸರಳವಾಗಿದ್ದವು. ಹೊಸ ಹರಿವಿನ ಮೊದಲ ಪ್ಯಾಕೆಟ್ಟು ಬಂದಾಗ ಅವು ಕೇಂದ್ರ ನಿಯಂತ್ರಕವನ್ನು ಕೇಳುತ್ತಿದ್ದವು. ನಿಯಂತ್ರಕ ಕೊಟ್ಟ ಉತ್ತರವನ್ನು ಕೋಷ್ಟಕದಲ್ಲಿ ಬರೆದುಕೊಂಡು ಉಳಿದ ಪ್ಯಾಕೆಟ್ಟುಗಳನ್ನು ತಾವೇ ಸಾಗಿಸುತ್ತಿದ್ದವು. ಒಂದು ನಿಯಂತ್ರಕ ಕೆಟ್ಟರೆ ಏನು ಗತಿ ಎಂಬುದನ್ನು ಆ ಪ್ರಬಂಧವೇ ಚರ್ಚಿಸಿದೆ. ಏನನ್ನೂ ತಿಳಿಯದೆ ಕಾದಿರುವ ಮೀಸಲು, ಸ್ಥಿತಿಯನ್ನು ಆಗಾಗ ತಿಳಿದುಕೊಳ್ಳುತ್ತಿರುವ ಮೀಸಲು, ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುವ ಪ್ರತಿರೂಪಗಳು ಎಂಬ ಮೂರು ಬಗೆಗಳು ಅದರಲ್ಲಿ ಬರುತ್ತವೆ.

2008ರಲ್ಲಿ ನಿಕ್ ಮೆಕೀವನ್, ಹರಿ ಬಾಲಕೃಷ್ಣನ್, ಗುರು ಪಾರುಲ್ಕರ್, ಜೆನಿಫರ್ ರೆಕ್ಸ್‌ಫರ್ಡ್, ಸ್ಕಾಟ್ ಶೆಂಕರ್ ಮೊದಲಾದ ಎಂಟು ಮಂದಿ 'ಓಪನ್‌ಫ್ಲೋ' ಎಂಬ ಪ್ರೋಟೋಕಾಲನ್ನು ಮಂಡಿಸಿದರು. ಯಾವುದೇ ಕಂಪನಿಯ ಸ್ವಿಚ್ಚಿನ ಕೋಷ್ಟಕವನ್ನು ಹೊರಗಿನ ನಿಯಂತ್ರಕ ಬರೆಯಲು ಇದು ಒಂದು ಸಮಾನ ಭಾಷೆ. ಅದೇ ವರ್ಷ 'ನಾಕ್ಸ್' ಎಂಬ ನಿಯಂತ್ರಕ ತಂತ್ರಾಂಶವೂ ಬಂತು. ತಂತ್ರಾಂಶ ನಿರೂಪಿತ ಜಾಲ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಈ ಕೆಲಸಗಳ ಬೆನ್ನಿಗೆ. ಟೈಮ್‌ನೆಟ್‌ನ ಮೇಲ್ವಿಚಾರಕ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಒಂದು ಏಕೆ ಸಾಲದು?

ಹಲವು ನಿಯಂತ್ರಕಗಳು ಬೇಕು ಎಂಬುದಕ್ಕೆ ಮೂರು ಕಾರಣಗಳನ್ನು ಹೇಳುವುದುಂಟು: ಹೊರೆ, ದೂರ ಮತ್ತು ವೈಫಲ್ಯ. ಇವುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಹೊರೆ. 2009ರಲ್ಲಿ ನಾಕ್ಸ್ ಸೆಕೆಂಡಿಗೆ ಸುಮಾರು 30,000 ಹೊಸ ಹರಿವುಗಳನ್ನು ನಿಭಾಯಿಸಬಲ್ಲದು ಎಂದು ವರದಿಯಾಯಿತು. ಅದೇ ವರ್ಷ 1,500 ಸರ್ವರುಗಳ ಒಂದು ಸಮೂಹದಲ್ಲಿ ಅಳತೆ ಮಾಡಿದಾಗ ಸೆಕೆಂಡಿಗೆ ಸುಮಾರು 1 ಲಕ್ಷ ಹೊಸ ಹರಿವುಗಳು ಹುಟ್ಟುತ್ತಿರುವುದು ಕಂಡುಬಂತು. 1,00,000ವನ್ನು 30,000ದಿಂದ ಭಾಗಿಸಿದರೆ ಮೂರಕ್ಕಿಂತ ಹೆಚ್ಚು. ಅಂದರೆ ಕನಿಷ್ಠ ನಾಲ್ಕು ನಿಯಂತ್ರಕಗಳು ಬೇಕು. ವಾದ ಬಲವಾಗಿಯೇ ಇತ್ತು. ಆದರೆ 2012ರಲ್ಲಿ ನಾಕ್ಸ್‌ನ ತಂತ್ರಾಂಶವನ್ನು ಬಹುತಂತುಗಳಲ್ಲಿ ನಡೆಯುವಂತೆ ತಿದ್ದಿ ಬರೆದಾಗ, 8 ಕೋರ್‌ಗಳಿರುವ ಒಂದೇ ಯಂತ್ರ ಸೆಕೆಂಡಿಗೆ 16 ಲಕ್ಷ ಕೋರಿಕೆಗಳಿಗೆ ಉತ್ತರಿಸಿತು. ಹೊರೆಯ ವಾದ ಸಡಿಲವಾಯಿತು.

ಎರಡನೆಯದು ದೂರ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಚಲಿಸುತ್ತದೆ. ಸ್ವಿಚ್ಚಿನಿಂದ ನಿಯಂತ್ರಕ 2,000 ಕಿಲೋಮೀಟರ್ ದೂರವಿದ್ದರೆ ಕೇಳಿ ಉತ್ತರ ಪಡೆಯಲು 20 ಮಿಲಿಸೆಕೆಂಡುಗಳಾದರೂ ಬೇಕು. ಯಾವ ಎಂಜಿನಿಯರೂ ಇದನ್ನು ಕಡಿಮೆ ಮಾಡಲಾರ. ಹಾಗಾದರೆ ನಿಯಂತ್ರಕಗಳನ್ನು ಎಲ್ಲಿಡಬೇಕು, ಎಷ್ಟಿಡಬೇಕು? ಈ 'ನೆಲೆ ಆಯ್ಕೆಯ ಸಮಸ್ಯೆ'ಯನ್ನು 2012ರಲ್ಲಿ ಬ್ರಾಂಡನ್ ಹೆಲರ್, ರಾಬ್ ಶೆರ್‌ವುಡ್ ಮತ್ತು ನಿಕ್ ಮೆಕೀವನ್ ಕೈಗೆತ್ತಿಕೊಂಡರು. ಅಮೆರಿಕದ ವಿಶ್ವವಿದ್ಯಾಲಯಗಳನ್ನು ಬೆಸೆಯುವ ಇಂಟರ್ನೆಟ್2 ಜಾಲದ 34 ನೋಡುಗಳ ಯೋಜನೆ ಅವರ ಮುಖ್ಯ ಉದಾಹರಣೆ. ಕೆಲವೇ ನಿಯಂತ್ರಕಗಳನ್ನು ಕಣ್ಣುಮುಚ್ಚಿ ಎಲ್ಲೋ ಇಟ್ಟರೆ ಸರಾಸರಿ ವಿಳಂಬ ಉತ್ತಮ ನೆಲೆಗಿಂತ 1.4ರಿಂದ 1.7 ಪಟ್ಟು ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದರು. ಜೊತೆಗೆ ಅಚ್ಚರಿಯ ಮಾತೊಂದನ್ನು ಸೇರಿಸಿದರು: ಬಹಳಷ್ಟು ಮಧ್ಯಮ ಗಾತ್ರದ ಜಾಲಗಳಿಗೆ, ವೇಗದ ದೃಷ್ಟಿಯಿಂದ ಮಾತ್ರ ನೋಡಿದರೆ, ಸರಿಯಾದ ಒಂದೇ ನೆಲೆ ಸಾಕು!

ಹಾಗಾದರೆ ಅಂತಹ ಜಾಲಗಳಲ್ಲಿ ಉಳಿಯುವ ಕಾರಣ ಮೂರನೆಯದು: ವೈಫಲ್ಯ. ಯಂತ್ರ ಎಷ್ಟೇ ವೇಗವಾಗಿರಲಿ, ಎಷ್ಟೇ ಹತ್ತಿರವಿರಲಿ, ಒಂದು ದಿನ ಅದು ನಿಲ್ಲುತ್ತದೆ. ವಿದ್ಯುತ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ, ತಂತ್ರಾಂಶ ಎಡವುತ್ತದೆ. ಅತಿ ದೊಡ್ಡ ಜಾಲಗಳಲ್ಲಿ ಹೊರೆ ಮತ್ತು ದೂರ ಇಂದಿಗೂ ಲೆಕ್ಕಕ್ಕೆ ಬರುತ್ತವೆ. ಆದರೆ ಚಿಕ್ಕ ಜಾಲಕ್ಕೂ ದೊಡ್ಡ ಜಾಲಕ್ಕೂ ಸಮಾನವಾಗಿ ಉಳಿಯುವ ಕಾರಣ ವೈಫಲ್ಯವೊಂದೇ.

ನಾಯಕ ಯಾರು?

ಪಂಚತಂತ್ರದ ಎರಡು ತಲೆಯ ಹಕ್ಕಿಯ ಕಥೆ ನಿಮಗೆ ಗೊತ್ತಿರಬಹುದು. ಹೊಟ್ಟೆ ಒಂದೇ, ತಲೆ ಎರಡು. ತಲೆಗಳು ಪರಸ್ಪರ ಮುನಿದು, ಒಂದು ಹಠದಿಂದ ವಿಷದ ಹಣ್ಣನ್ನು ತಿಂದಿತು. ಸತ್ತದ್ದು ಇಡೀ ಹಕ್ಕಿ. ಬಹುನಿಯಂತ್ರಕ ಜಾಲಕ್ಕೂ ಇದೇ ಭಯ.

ಎರಡು ನಿಯಂತ್ರಕಗಳಿವೆ ಎಂದುಕೊಳ್ಳಿ. ಅವುಗಳ ನಡುವಿನ ಕೊಂಡಿ ಕಡಿಯಿತು. ಎರಡನೆಯದಕ್ಕೆ ಮೊದಲನೆಯದರ ಸದ್ದು ಕೇಳಿಸುವುದಿಲ್ಲ. ಮೊದಲನೆಯದು ನಿಜವಾಗಿ ಸತ್ತಿದೆಯೇ, ಅಥವಾ ಬದುಕಿದ್ದು ಕೊಂಡಿ ಮಾತ್ರ ಕಡಿದಿದೆಯೇ? ಒಳಗಿನಿಂದ ಇದನ್ನು ತಿಳಿಯುವ ಉಪಾಯವಿಲ್ಲ. ಸತ್ತಿದೆಯೆಂದು ಭಾವಿಸಿ ಎರಡನೆಯದು ಅಧಿಕಾರ ವಹಿಸಿಕೊಂಡರೆ, ಎರಡೂ ಸ್ವಿಚ್ಚುಗಳಿಗೆ ಆಜ್ಞೆ ಕೊಡತೊಡಗುತ್ತವೆ. ಒಂದು 'ಪೂರ್ವಕ್ಕೆ ಕಳಿಸು' ಎಂದರೆ ಇನ್ನೊಂದು 'ಪಶ್ಚಿಮಕ್ಕೆ ಕಳಿಸು' ಎನ್ನುತ್ತದೆ. ಪ್ಯಾಕೆಟ್ಟುಗಳು ಸುತ್ತು ಹೊಡೆಯುತ್ತವೆ ಇಲ್ಲವೇ ಕಾಣೆಯಾಗುತ್ತವೆ. ಟೈಮ್‌ನೆಟ್‌ನ ನಿದ್ರೆಗುಳಿಗೆಗೂ ಈ ಮಿತಿಯಿತ್ತು: ಗುಳಿಗೆ ಬಾರದಿರಲು ಕಾರಣ ನಾಯಕನ ಸಾವೇ ಆಗಿರಬೇಕೆಂದಿಲ್ಲ.

ಇದಕ್ಕೆ ಪರಿಹಾರ ಬಹುಮತ. ಲೆಸ್ಲಿ ಲ್ಯಾಂಪೋರ್ಟ್ 1990ರ ಸುಮಾರಿಗೆ ಬರೆದು 1998ರಲ್ಲಿ ಪ್ರಕಟಿಸಿದ 'ಪ್ಯಾಕ್ಸೋಸ್' ಎಂಬ ವಿಧಾನ ಮತ್ತು 2014ರಲ್ಲಿ ಡಿಯಾಗೊ ಒಂಗಾರೊ ಹಾಗೂ ಜಾನ್ ಓಸ್ಟರ್‌ಹೌಟ್ ಮಂಡಿಸಿದ, ಕಲಿಯಲು ಸುಲಭವಾದ 'ರಾಫ್ಟ್' ವಿಧಾನ ಇದರ ಮೇಲೆ ನಿಂತಿವೆ. ಒಟ್ಟು ನಿಯಂತ್ರಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಪ್ಪಿದರೆ ಮಾತ್ರ ನಾಯಕ. ಅರ್ಧಕ್ಕಿಂತ ಹೆಚ್ಚಿನವು ಬರೆದುಕೊಂಡರೆ ಮಾತ್ರ ನಿರ್ಧಾರ. ಒಂದು ಗುಂಪಿನಲ್ಲಿ ಎರಡು ಬೇರೆ ಬೇರೆ ಬಹುಮತಗಳು ಇರಲು ಸಾಧ್ಯವಿಲ್ಲ. ಒಬ್ಬ ಸದಸ್ಯನಾದರೂ ಎರಡರಲ್ಲೂ ಇದ್ದೇ ಇರುತ್ತಾನೆ. ಈ ಸರಳ ಗಣಿತವೇ ಇಡೀ ವ್ಯವಸ್ಥೆಯ ಆಧಾರ.

ಇದರಿಂದ ಒಂದು ಸ್ವಾರಸ್ಯಕರ ಫಲಿತಾಂಶ ಹೊರಡುತ್ತದೆ. ನಿಯಂತ್ರಕಗಳು 3 ಇದ್ದರೆ ಬಹುಮತಕ್ಕೆ 2 ಸಾಕು. 1 ಕೆಟ್ಟರೂ ನಡೆಯುತ್ತದೆ. 4 ಇದ್ದರೆ ಬಹುಮತಕ್ಕೆ 3 ಬೇಕು. ಆಗಲೂ 1 ಕೆಟ್ಟರೆ ಮಾತ್ರ ನಡೆಯುತ್ತದೆ. 5 ಇದ್ದರೆ ಬಹುಮತಕ್ಕೆ 3. ಆಗ 2 ಕೆಟ್ಟರೂ ನಡೆಯುತ್ತದೆ. ನಾಲ್ಕನೆಯದಕ್ಕೆ ಖರ್ಚು ಮಾಡಿದ ಹಣಕ್ಕೆ ಈ ದೃಷ್ಟಿಯಿಂದ ಪ್ರತಿಫಲವಿಲ್ಲ. ನಿಯಂತ್ರಕಗಳ ಗುಂಪುಗಳು ಸಾಮಾನ್ಯವಾಗಿ 3 ಅಥವಾ 5 ಎಂದು ಬೆಸಸಂಖ್ಯೆಯಲ್ಲಿರುವುದು ಇದಕ್ಕಾಗಿಯೇ.

ನಿಯಂತ್ರಕಗಳು ತಮ್ಮಲ್ಲಿ ಒಪ್ಪಿದರೆ ಸಾಲದು. ಸ್ವಿಚ್ಚಿಗೂ ನಾಯಕ ಯಾರೆಂದು ತಿಳಿಯಬೇಕು. 2011ರ ಡಿಸೆಂಬರಿನಲ್ಲಿ ಬಂದ ಓಪನ್‌ಫ್ಲೋ 1.2ನೆಯ ಆವೃತ್ತಿ ಇದಕ್ಕೆ ವ್ಯವಸ್ಥೆ ಮಾಡಿತು. ಒಂದು ಸ್ವಿಚ್ಚಿಗೆ ಹಲವು ನಿಯಂತ್ರಕಗಳು ಸಂಪರ್ಕದಲ್ಲಿರಬಹುದು. ಪ್ರತಿಯೊಂದರ ಪಾತ್ರ 'ಪ್ರಧಾನ', 'ಅಧೀನ' ಅಥವಾ 'ಸಮಾನ'. ಪ್ರಧಾನ ನಿಯಂತ್ರಕ ಒಂದೇ. ಅಧೀನ ನಿಯಂತ್ರಕ ಓದಬಹುದು, ಕೋಷ್ಟಕವನ್ನು ಬದಲಿಸುವಂತಿಲ್ಲ. ನಾಯಕತ್ವ ಬದಲಾದಾಗಲೆಲ್ಲ ಹೊಸ ಪೀಳಿಗೆಯ ಸಂಖ್ಯೆಯೊಂದು ಜೊತೆಗೆ ಬರುತ್ತದೆ. ಎಲ್ಲೋ ಮರೆಯಾಗಿದ್ದ ಹಳೆಯ ನಾಯಕ ಮರಳಿ ಬಂದು ಪ್ರಧಾನ ಪಾತ್ರ ಕೇಳಿದರೆ ಸ್ವಿಚ್ಚು ಅದರ ಸಂಖ್ಯೆಯನ್ನು ನೋಡಿ, ಹಳೆಯದೆಂದು ತಿಳಿದು ತಿರಸ್ಕರಿಸುತ್ತದೆ.

ಈ ಸಂಖ್ಯೆಗಳನ್ನು ಹೋಲಿಸುವುದೂ ಅರ್ಪಾನೆಟ್‌ನಂತೆಯೇ ಗಡಿಯಾರದ ಕ್ರಮದಲ್ಲಿ ಎಂಬುದನ್ನು ಗಮನಿಸಿ. ಆದರೆ 6 ಬಿಟ್‌ಗಳ ಬದಲು ಈಗ 64 ಬಿಟ್‌ಗಳು. ನಾಯಕತ್ವ ಸೆಕೆಂಡಿಗೊಮ್ಮೆ ಬದಲಾಗುತ್ತಿದ್ದರೂ ಗಡಿಯಾರ ಒಂದು ಸುತ್ತು ಮುಗಿಸಲು ವಿಶ್ವದ ವಯಸ್ಸಿಗಿಂತಲೂ ಹೆಚ್ಚು ಕಾಲ ಬೇಕು.

ಎಲ್ಲರ ಕೈಯಲ್ಲೂ ಒಂದೇ ನಕ್ಷೆ

ನಾಯಕನ ಆಯ್ಕೆ ಮುಗಿದರೆ ಮುಂದಿನ ಪ್ರಶ್ನೆ ನಕ್ಷೆಯದು. 2010ರಲ್ಲಿ ಎರಡು ಮುಖ್ಯ ಪ್ರಯತ್ನಗಳು ನಡೆದವು. ಟೊರಾಂಟೊ ವಿಶ್ವವಿದ್ಯಾಲಯದ 'ಹೈಪರ್‌ಫ್ಲೋ' ವ್ಯವಸ್ಥೆಯಲ್ಲಿ ಪ್ರತಿಯೊಂದು ನಿಯಂತ್ರಕವೂ ತನ್ನಲ್ಲಿ ನಡೆದ ಘಟನೆಗಳನ್ನು ಉಳಿದವುಗಳಿಗೆ ಪ್ರಕಟಿಸುತ್ತದೆ. ಎಲ್ಲವೂ ಅದೇ ಘಟನೆಗಳನ್ನು ತಮ್ಮಲ್ಲಿ ಮತ್ತೆ ನಡೆಸಿ ಒಂದೇ ಚಿತ್ರವನ್ನು ಪಡೆಯುತ್ತವೆ. ಟೀಮು ಕೊಪೊನೆನ್ ಮುಂದಾಳತ್ವದಲ್ಲಿ ನಿಸಿರಾ, ಗೂಗಲ್ ಮತ್ತು ಎನ್‌ಇಸಿ ಕಂಪನಿಗಳ ತಂತ್ರಜ್ಞರು ಕೂಡಿ ರೂಪಿಸಿದ 'ಓನಿಕ್ಸ್'ನಲ್ಲಿ ಜಾಲದ ನಕ್ಷೆಯನ್ನು ಒಂದು ಮಾಹಿತಿ ಭಂಡಾರದಲ್ಲಿಟ್ಟು ಹಲವು ಯಂತ್ರಗಳಿಗೆ ಹಂಚಲಾಗುತ್ತದೆ. 2012ರ 'ಕಂಡೂ' ಇನ್ನೊಂದು ದಾರಿ ಹಿಡಿಯಿತು: ಸ್ಥಳೀಯ ವಿಷಯಗಳನ್ನು ಸ್ಥಳೀಯ ನಿಯಂತ್ರಕಗಳೇ ಬಗೆಹರಿಸಿ, ಇಡೀ ಜಾಲಕ್ಕೆ ಸಂಬಂಧಿಸಿದ್ದನ್ನು ಮಾತ್ರ ಮೇಲಿನದಕ್ಕೆ ಕಳಿಸುವುದು. ಗ್ರಾಮ ಪಂಚಾಯಿತಿಯಲ್ಲಿ ತೀರುವ ವಿಷಯ ವಿಧಾನಸೌಧಕ್ಕೆ ಹೋಗಬೇಕಿಲ್ಲ ಎಂಬ ನ್ಯಾಯ.

ಎಲ್ಲ ನಕ್ಷೆಗಳೂ ಸದಾ ಒಂದೇ ಆಗಿರಬೇಕೆಂದರೆ ಪ್ರತಿ ಬದಲಾವಣೆಗೂ ಬಹುಮತದ ಒಪ್ಪಿಗೆಗೆ ಕಾಯಬೇಕು, ವೇಗ ತಗ್ಗುತ್ತದೆ. ಕಾಯದೆ ಮುನ್ನಡೆದರೆ ಸ್ವಲ್ಪ ಹೊತ್ತು ನಕ್ಷೆಗಳು ಬೇರೆಯಾಗಿರುತ್ತವೆ. ಆದ್ದರಿಂದ ಓನಿಕ್ಸ್ ಎರಡೂ ಬಗೆಯ ಭಂಡಾರಗಳನ್ನು ಒದಗಿಸಿ ಆಯ್ಕೆಯನ್ನು ತಂತ್ರಾಂಶ ಬರೆಯುವವರಿಗೆ ಬಿಟ್ಟಿತು. ಕೊಂಡಿಯ ಮೇಲಿನ ಹೊರೆಯ ಅಂಕಿ ಅರೆಕ್ಷಣ ಹಳೆಯದಾದರೆ ನಷ್ಟವಿಲ್ಲ. 'ಈ ಸ್ವಿಚ್ಚಿಗೆ ಪ್ರಧಾನ ಯಾರು' ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಸಲ್ಲದು.

ಮುಂದೆ ಮುಕ್ತ ತಂತ್ರಾಂಶಗಳು ಬಂದವು. 2013ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 'ಓಪನ್‌ಡೇಲೈಟ್' ಯೋಜನೆ ಆರಂಭವಾಯಿತು. 2014ರ ಡಿಸೆಂಬರಿನಲ್ಲಿ 'ಓನೋಸ್' ಬಿಡುಗಡೆಯಾಯಿತು. ಎರಡೂ ಹಲವು ಯಂತ್ರಗಳ ಗುಂಪಾಗಿ ನಡೆಯಬಲ್ಲವು.

ಗೂಗಲ್ ಜಾಲದ ಅನುಭವ

ಇವೆಲ್ಲ ಪ್ರಯೋಗಶಾಲೆಯ ಮಾತಲ್ಲ ಎಂಬುದಕ್ಕೆ ಗೂಗಲ್ ಕಂಪನಿ ತನ್ನ ದತ್ತಾಂಶ ಕೇಂದ್ರಗಳನ್ನು ಬೆಸೆಯಲು ಕಟ್ಟಿದ 'ಬಿ4' ಜಾಲ ಸಾಕ್ಷಿ. 2012ರಲ್ಲಿ ಇದರ ಸುದ್ದಿ ಹೊರಬಿದ್ದಿತು. 2013ರಲ್ಲಿ ವಿವರವಾದ ಪ್ರಬಂಧ ಬಂತು. ಆರಂಭದಲ್ಲಿ 12 ನೆಲೆಗಳಿದ್ದ ಈ ಜಾಲದಲ್ಲಿ ಪ್ರತಿಯೊಂದು ನೆಲೆಗೂ ತನ್ನದೇ ನಿಯಂತ್ರಕಗಳ ಗುಂಪು. ಗುಂಪಿನಲ್ಲಿ ಪ್ಯಾಕ್ಸೋಸ್ ಮೂಲಕ ಆರಿಸಿದ ಒಬ್ಬ ನಾಯಕ. ಇವುಗಳ ಮೇಲೆ ಇಡೀ ಜಾಲದ ಸಂಚಾರವನ್ನು ಹಂಚುವ ಕೇಂದ್ರ ತಂತ್ರಾಂಶ. ಆ ಕೇಂದ್ರ ತಂತ್ರಾಂಶ ಎಡವಿದರೆ ಅದನ್ನು ಒಮ್ಮೆಗೇ ಬದಿಗಿಟ್ಟು, ಹಳೆಯ ಪದ್ಧತಿಯಂತೆ ಅತಿ ಹತ್ತಿರದ ದಾರಿಯಲ್ಲೇ ಸಾಗಿಸುವ 'ದೊಡ್ಡ ಕೆಂಪು ಗುಂಡಿ'ಯ ಏರ್ಪಾಡನ್ನೂ ಮಾಡಿಕೊಂಡಿದ್ದರು. ಐದು ವರ್ಷಗಳ ನಂತರ, 2018ರಲ್ಲಿ, ನೆಲೆಗಳು 33ಕ್ಕೂ ಸಂಚಾರ 100 ಪಟ್ಟಿಗೂ ಏರಿದುದನ್ನು ಕಂಪನಿಯ ತಂತ್ರಜ್ಞರು ವರದಿ ಮಾಡಿದರು.

ಇಷ್ಟು ಅನುಭವವಿದ್ದ ಕಂಪನಿಯ ಜಾಲದಲ್ಲೇ 2019ರ ಜೂನ್ 2ರಂದು ದೊಡ್ಡ ಅಡಚಣೆ ಉಂಟಾಯಿತು. ಒಂದು ನೆಲೆಯಲ್ಲಿ ನಿಗದಿಯಾಗಿದ್ದ ದುರಸ್ತಿಗಾಗಿ, ಅಲ್ಲಿನ ಯಂತ್ರಗಳ ಮೇಲಿನ ಕೆಲಸಗಳನ್ನು ನಿಲ್ಲಿಸುವಂತೆ ಸ್ವಯಂಚಾಲಿತ ತಂತ್ರಾಂಶಕ್ಕೆ ಸೂಚನೆ ಹೋಯಿತು. ಎರಡು ತಪ್ಪು ಹೊಂದಾಣಿಕೆಗಳೂ ಒಂದು ತಂತ್ರಾಂಶ ದೋಷವೂ ಕೂಡಿ, ಆ ಒಂದೇ ಸೂಚನೆ ಹಲವು ನೆಲೆಗಳಲ್ಲಿದ್ದ ಜಾಲ ನಿಯಂತ್ರಣದ ಕೆಲಸಗಳನ್ನು ಏಕಕಾಲಕ್ಕೆ ನಿಲ್ಲಿಸಿಬಿಟ್ಟಿತು. ಸ್ವಿಚ್ಚುಗಳು ಕೊನೆಯದಾಗಿ ತಿಳಿದಿದ್ದ ಕೋಷ್ಟಕಗಳನ್ನೇ ಹಿಡಿದು ಕೆಲವು ನಿಮಿಷ ನಡೆಸಿದವು. ಇದು ವಿನ್ಯಾಸಕಾರರು ಮೊದಲೇ ಯೋಚಿಸಿದ್ದ ರಕ್ಷಣೆ. ಆದರೆ ಅಷ್ಟರಲ್ಲಿ ನಿಯಂತ್ರಕಗಳು ಮರಳಲಿಲ್ಲ. ಆ ನೆಲೆಗಳ ನಡುವಿನ ದಾರಿಗಳು ಕೈಬಿಟ್ಟವು. ಉಳಿದ ದಾರಿಗಳಲ್ಲಿ ದಟ್ಟಣೆ ಹೆಚ್ಚಿತು. ಅದೇ ದಟ್ಟಣೆಯಿಂದ ಎಂಜಿನಿಯರುಗಳ ದುರಸ್ತಿ ಸಲಕರಣೆಗಳೂ ನಿಧಾನವಾದವು. ಅಮೆರಿಕದ ಹಲವು ಪ್ರದೇಶಗಳಲ್ಲಿ ತೊಂದರೆ ನಾಲ್ಕು ಗಂಟೆಗಳಿಗೂ ಮಿಗಿಲಾಗಿ ಮುಂದುವರಿಯಿತು.

ಪ್ರತಿರೂಪಗಳಿದ್ದವು, ನೆಲೆಗಳು ದೂರ ದೂರ ಇದ್ದವು. ಆದರೆ ಅವೆಲ್ಲವನ್ನೂ ಒಮ್ಮೆಗೆ ಮುಟ್ಟಬಲ್ಲ ಒಂದು ಕೈ ಇತ್ತು. 1990ರಲ್ಲಿ ಒಂದೇ ತಂತ್ರಾಂಶ 114 ಸ್ವಿಚ್ಚುಗಳನ್ನು ಒಂದಾಗಿಸಿದಂತೆ, 2019ರಲ್ಲಿ ಒಂದೇ ನಿರ್ವಹಣಾ ವ್ಯವಸ್ಥೆ ಹಲವು ನಿಯಂತ್ರಕ ಗುಂಪುಗಳನ್ನು ಒಂದಾಗಿಸಿತು.

ಗೂಗಲ್ ತನ್ನ ಮುಂದಿನ ಪೀಳಿಗೆಯ ನಿಯಂತ್ರಣ ತಂತ್ರಾಂಶ 'ಒರಾಯನ್' ಬಗ್ಗೆ 2021ರಲ್ಲಿ ಪ್ರಬಂಧ ಪ್ರಕಟಿಸಿತು. ಅದರಲ್ಲಿ ಒತ್ತು ಬಿದ್ದಿರುವುದು ಹಾನಿಯ ವ್ಯಾಪ್ತಿಯನ್ನು ಸೀಮಿತಗೊಳಿಸುವುದರ ಮೇಲೆ. ದತ್ತಾಂಶ ಕೇಂದ್ರದ ಸ್ವಿಚ್ಚುಗಳ ಬೆನ್ನೆಲುಬಿನಂತಿರುವ ಭಾಗವನ್ನು ನಾಲ್ಕು 'ಬಣ್ಣ'ಗಳಾಗಿ ವಿಂಗಡಿಸಿ, ಪ್ರತಿ ಬಣ್ಣಕ್ಕೂ ಬೇರೆ ನಿಯಂತ್ರಣ ಕ್ಷೇತ್ರವನ್ನು ಕೊಡಲಾಗಿದೆ. ಒಂದು ಕ್ಷೇತ್ರ ಪೂರ್ತಿ ಕೈಕೊಟ್ಟರೂ ಸಾಮರ್ಥ್ಯದಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ ಧಕ್ಕೆ.

ಚರಿತ್ರೆ ಕಲಿಸುವುದೇನು?

ಐದು ದಶಕಗಳ ಈ ಕಥೆಯಲ್ಲಿ ಜಾಲದ ತಲೆಗಳ ಸಂಖ್ಯೆ ಒಂದರಿಂದ ಅನೇಕಕ್ಕೆ, ಅನೇಕದಿಂದ ಒಂದಕ್ಕೆ, ಮತ್ತೆ ಅನೇಕಕ್ಕೆ ತೂಗಿದೆ. 1980ರ ಘಟನೆ ಒಮ್ಮತದ ಅಗತ್ಯವನ್ನು ಕಲಿಸಿತು. ಪ್ಯಾಕ್ಸೋಸ್, ರಾಫ್ಟ್, ಪೀಳಿಗೆಯ ಸಂಖ್ಯೆಗಳು ಆ ಅಗತ್ಯಕ್ಕೆ ಉತ್ತರ ಕೊಟ್ಟಿವೆ. 1990 ಮತ್ತು 2019ರ ಘಟನೆಗಳು ಸ್ವಾತಂತ್ರ್ಯದ ಅಗತ್ಯವನ್ನು ಕಲಿಸಿದವು. ಇದಕ್ಕೆ ಸಿದ್ಧ ಸೂತ್ರವಿಲ್ಲ. ಮೂರು ನಿಯಂತ್ರಕಗಳನ್ನು ಒಂದೇ ಕೊಠಡಿಯಲ್ಲಿಟ್ಟು ಒಂದೇ ವಿದ್ಯುತ್ ತಂತಿಗೆ ಜೋಡಿಸಿದರೆ, ಅಥವಾ ಒಂದೇ ರಾತ್ರಿ ಮೂರಕ್ಕೂ ಹೊಸ ತಂತ್ರಾಂಶ ತುಂಬಿದರೆ, ಲೆಕ್ಕದ ಪುಸ್ತಕದಲ್ಲಿ ಮೂರು. ಆಪತ್ತಿನ ಹೊತ್ತಿಗೆ ಒಂದು.

ಶಿಕ್ಷಕರು ಬಹುಮತದ ನಿಯಮವನ್ನು ತರಗತಿಯಲ್ಲೇ ತೋರಿಸಬಹುದು. ಐವರು ವಿದ್ಯಾರ್ಥಿಗಳನ್ನು ನಿಯಂತ್ರಕಗಳೆಂದು ಕರೆದು ಚೀಟಿಗಳ ಮೂಲಕ ಮಾತ್ರ ಮಾತಾಡಲು ಬಿಡಿ. ಇಬ್ಬರನ್ನು ಒಂದು ಕಡೆ, ಮೂವರನ್ನು ಇನ್ನೊಂದು ಕಡೆ ಮಾಡಿ ನಡುವೆ ಚೀಟಿಗಳನ್ನು ತಡೆಯಿರಿ. ಮೂವರ ಗುಂಪು ನಾಯಕನನ್ನು ಆರಿಸಬಲ್ಲದು, ಇಬ್ಬರ ಗುಂಪು ಆರಿಸಲಾರದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೇ ಗಣಕದ ಮೇಲೆ ಮಾಡಬಹುದು. 2010ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ 'ಮಿನಿನೆಟ್' ಎಂಬ ಮುಕ್ತ ತಂತ್ರಾಂಶ ಒಂದೇ ಲ್ಯಾಪ್‌ಟಾಪಿನಲ್ಲಿ ಹತ್ತಾರು ಸ್ವಿಚ್ಚುಗಳ ಜಾಲವನ್ನು ಸೃಷ್ಟಿಸಿಕೊಡುತ್ತದೆ. ಅದಕ್ಕೆ ಮೂರು ನಿಯಂತ್ರಕಗಳನ್ನು ಜೋಡಿಸಿ, ನಾಯಕನನ್ನು ನಿಲ್ಲಿಸಿ, ಜಾಲ ಎಷ್ಟು ಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತದೆಂದು ಅಳೆಯಬಹುದು. ಆಮೇಲೆ ಆ ಲ್ಯಾಪ್‌ಟಾಪನ್ನೇ ಆರಿಸಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ಒಂದು ಜಾಲಕ್ಕೆ ಎಷ್ಟು ನಿಯಂತ್ರಕಗಳಿವೆ ಎಂದು ಯಾರಾದರೂ ಹೇಳಿದಾಗ, ಅವೆಲ್ಲವನ್ನೂ ಒಮ್ಮೆಗೇ ನಿಲ್ಲಿಸಬಲ್ಲದ್ದು ಯಾವುದು ಎಂದು ಕೇಳುವುದನ್ನು ವಿದ್ಯಾರ್ಥಿ ಮರೆಯಬಾರದು.